ಅರ್ಧ ರಾಜ್ಯದಲ್ಲಿದ್ದವರು

ಬಹಳ ವರ್ಷ ನಾನು ಹುಣಸೂರು, ಪಿರಿಯಾಪಟ್ಟಣದ ಕಡೆ ಜಾನಪದ ವಿದ್ವಾಂಸ ಎಂದು ಹೆಸರಾಗಿದ್ದೆ. ಹೆಸರಾಗಿದ್ದೆ ಎಂದರೆ, ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರು ಫೋನ್ ಮಾಡಿದಾಗ ನನ್ನ ಹೆಸರಿನ ಕೆಳಗೆ ಆ ಎರಡು ಪದ ಹಾಕಿ ಎಂದು ನಾನೇ ನೆನಪು ಮಾಡುತ್ತಿದ್ದೆ. ವೃತ್ತಿಯಿಂದ ಸರ್ಕಾರಿ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಎಂ.ಎ. ಓದುವಾಗ ಜನಪದ ಕಥೆಗಳ ಸಾಮಾಜಿಕ, ರಾಜಕೀಯ ಅರ್ಥದ ಮೇಲೆ ದಪ್ಪನೆಯ ಪ್ರಬಂಧವೊಂದನ್ನು ಬರೆದಿದ್ದೆ. ಅದರಲ್ಲಿ ‘ಪ್ರಭುತ್ವ’ ಎಂಬ ಪದ ಇಲ್ಲದ ಪುಟವಿರಲಿಲ್ಲ, ‘ಪ್ರತಿರೋಧ’ ಇಲ್ಲದ ಸಾಲಿರಲಿಲ್ಲ. ಈ ಎರಡು ಪದ ಇಟ್ಟುಕೊಂಡು ಅರ್ಧ ಗಂಟೆ ಭಾಷಣ ಮಾಡುವುದು ನನಗೆ ನೀರು ಕುಡಿದಷ್ಟು ಸುಲಭ. ಎದುರಿಗೆ ಕೂತವರಿಗೆ ಅದು ಎಷ್ಟು ಕಷ್ಟ ಎಂದು ಯಾರೂ ಹೇಳಿರಲಿಲ್ಲ. ಹೇಳಿದವರು ನಮ್ಮ ಸ್ಕೂಲಿನ ಸಮಾಜ ವಿಜ್ಞಾನದ ಮೇಡಂ. ಹೋದ ತಿಂಗಳು ಅವರು ತೀರಿಕೊಂಡರು.

ನಮ್ಮ ಸ್ಕೂಲು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿಕೊಂಡರೆ ಸಿಗುವ ಒಂದು ಊರಿನಲ್ಲಿದೆ. ಸುತ್ತ ಹೊಗೆಸೊಪ್ಪಿನ ಹೊಲಗಳು, ಹೊಲಗಳ ನಡುವೆ ಸೊಪ್ಪು ಬೇಯಿಸುವ ಬ್ಯಾರನ್ನುಗಳು. ಮೇಡಂ ಸರಗೂರಿನವರು. ವರ್ಗವಾಗಿ ಬಂದ ಮೊದಲ ವಾರದಲ್ಲೇ ನನಗೂ ಅವರಿಗೂ ಮುಖಾಮುಖಿಯಾಯಿತು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೊಂದು ಕಥೆ ಹೇಳುವುದು ನನ್ನ ಪದ್ಧತಿ. ಅವತ್ತು ಏಳು ಜನ ಅಣ್ಣತಮ್ಮಂದಿರಲ್ಲಿ ಕಿರಿಯವನು ರಾಕ್ಷಸನನ್ನು ಕೊಂದು ಬಂದಿದ್ದ. ರಾಜ ಸಿಂಹಾಸನದಿಂದ ಇಳಿದು ಅವನನ್ನು ತಬ್ಬಿಕೊಂಡು, ‘ನನ್ನ ಮಗಳನ್ನೂ ಅರ್ಧ ರಾಜ್ಯವನ್ನೂ ನಿನಗೆ ಕೊಟ್ಟೆ’ ಎಂದ. ಇಲ್ಲಿ ನಾನು ಕೈ ಮೇಲೆತ್ತಿ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತೇನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅವತ್ತು ಚಪ್ಪಾಳೆಗೆ ಮೊದಲೇ ಹಿಂದಿನ ಸಾಲಿನಿಂದ ಮೇಡಂ ಗಂಟಲು ಕೇಳಿತು.

“ಮೇಷ್ಟ್ರೇ, ಒಂದ್ನಿಮಿಷ. ಆ ಅರ್ಧದಲ್ಲಿ ಇದ್ದೋರ್ನ ಕೇಳಿದ್ರಾ?”

“ಯಾವ ಅರ್ಧ ಮೇಡಂ?”

“ಅದೇ, ರಾಜ ಕೊಟ್ಟೆ ಅಂದ್ನಲ್ಲ. ಆ ಅರ್ಧ ರಾಜ್ಯದಲ್ಲಿ ಜನ ಇರ್ಲಿಲ್ವಾ? ರಾತ್ರಿ ಮಲಗ್ದಾಗ ಒಬ್ಬ ರಾಜ, ಬೆಳಿಗ್ಗೆ ಎದ್ದಾಗ ಇನ್ನೊಬ್ಬ. ಅವರ್ನ ಒಂದ್ ಮಾತು ಕೇಳ್ಬೇಕಿತ್ತು ತಾನೆ? ಮಗಳ್ನಂತೂ ಕೇಳ್ಲಿಲ್ಲ ಬುಡಿ, ಅದ್ನ ನಾಳೆ ಮಾತಾಡಾನ.”

ಮಕ್ಕಳು ಹೋ ಎಂದು ನಕ್ಕರು. ಎತ್ತಿದ್ದ ಕೈಯನ್ನು ಇಳಿಸುವುದೋ ಬೇಡವೋ ಎಂದು ನನಗೆ ತಿಳಿಯಲಿಲ್ಲ. ಕೊನೆಗೆ “ಅದು ಕಥೆ ಮೇಡಂ” ಎಂದೆ. ಪ್ರಭುತ್ವದ ಮೇಲೆ ಅಷ್ಟೆಲ್ಲ ಬರೆದವನ ಬಾಯಿಂದ ಹೊರಟದ್ದು ಇಷ್ಟೇ.

ಮೇಡಂ ಗಿಡ್ಡ ಆಳು, ಗಂಟಲು ಮಾತ್ರ ಮೈಕಿಲ್ಲದೆ ಊರಾಚೆಗೆ ಕೇಳುವಂಥದು. ಹುಣಸೂರಿನಲ್ಲಿ ಬಾಡಿಗೆ ಮನೆ. ಹಳೆಯದೊಂದು ಮೊಪೆಡ್ಡಿನಲ್ಲಿ ಸೆರಗು ಸಿಕ್ಕಿಸಿಕೊಂಡು ಬರುತ್ತಿದ್ದರು. ಅದರ ಹಾರ್ನ್ ಕೆಟ್ಟು ಯಾವ ಕಾಲವಾಗಿತ್ತೋ, ಎದುರಿಗೆ ದನ ಬಂದರೂ ಬಸ್ಸು ಬಂದರೂ ಬಾಯಲ್ಲೇ “ಏಯ್, ಏಯ್” ಎನ್ನುತ್ತಿದ್ದರು. ದನಗಳೂ ಬಸ್ಸುಗಳೂ ಪಕ್ಕಕ್ಕೆ ಸರಿಯುತ್ತಿದ್ದವು. ಬ್ಯಾಗಿನಲ್ಲಿ ಯಾವಾಗಲೂ ಬೇಯಿಸಿದ ಕಡಲೇಕಾಯಿ. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿ ನನ್ನ ಪಕ್ಕದ್ದು, ಸಿಪ್ಪೆ ಬೀಳುತ್ತಿದ್ದುದು ನನ್ನ ಮೇಜಿನ ಮೇಲೆ. ಎರವಲು ಪಡೆದ ಪೆನ್ನನ್ನು ಅವರು ವಾಪಸು ಕೊಟ್ಟದ್ದನ್ನು ಕಂಡವರಿಲ್ಲ. ಉತ್ತರ ಪತ್ರಿಕೆ ತಿದ್ದುವುದರಲ್ಲಿ ಪರಮ ಸೋಮಾರಿ. ಇಷ್ಟೆಲ್ಲ ವಾದ ಮಾಡುವ ಹೆಂಗಸು ಸಂಜೆ ಟಿ.ವಿ. ಧಾರಾವಾಹಿಯಲ್ಲಿ ಸೊಸೆ ಅತ್ತರೆ ತಾವೂ ಅಳುತ್ತಿದ್ದರು. ಮಾರನೆಯ ದಿನ ಕಣ್ಣು ಯಾಕೆ ಊದಿದೆ ಎಂದರೆ, ಧೂಳು ಎನ್ನುತ್ತಿದ್ದರು.

ನಾನು ಕಥೆಗಳ ಒಳಗೆ ಅಡಗಿದ ಪ್ರತಿರೋಧ ಹುಡುಕುತ್ತಿದ್ದರೆ ಅವರು ಕಥೆಯ ಜೊತೆ ಎದುರೆದುರು ಜಗಳಕ್ಕೇ ನಿಲ್ಲುತ್ತಿದ್ದರು. ಒಮ್ಮೆ ನಾನು ಮಲತಾಯಿ ಕಥೆ ಹೇಳಿ ಬಂದು ನೀರು ಕುಡಿಯುತ್ತಿದ್ದೆ. ಅವರು ಕಾಯಿ ಸುಲಿಯುತ್ತಾ ಶುರುಮಾಡಿದರು. “ಅಲ್ಲ ಮೇಷ್ಟ್ರೇ, ಆ ಹೆಂಗಸ್ನ ಎರಡ್ನೇ ಸಂಬಂಧಕ್ಕೆ ಕೊಟ್ಟೋರ್ಯಾರು? ಅವಳಿಗೂ ಒಬ್ಬ ಅಪ್ಪ ಇರ್ತಾನಲ್ವಾ? ಅವನ ಹೆಸ್ರು ಕತೇಲಿ ಬರಕ್ಕಿಲ್ಲ. ಆ ಹುಡುಗಿ ಅಪ್ಪನೂ ಅಷ್ಟೆಯ. ಮಗಳು ಒಲೆ ಮುಂದೆ ಬೂದಿ ಬಳ್ಕೊಂಡು ಕೂತಿದ್ರೂ ಅವನು ಎಲ್ಲೋಗಿದ್ದ? ಇಬ್ಬರು ಗಂಡಸ್ರು ಮಾಡಿದ್ದಕ್ಕೆ ಇಬ್ಬರು ಹೆಂಗಸ್ರು ಕಿತ್ತಾಡ್ತಾವ್ರೆ, ನೀವು ಅದ್ಕೆ ಚಪ್ಪಾಳೆ ತಟ್ಟುಸ್ತೀರಿ.”

ನಾನು ನೀರು ನುಂಗಿ “ಅದನ್ನೇ ನಾನು ನನ್ನ ಪ್ರಬಂಧದಲ್ಲಿ...” ಎಂದೆ. ಅದನ್ನು ನಾನು ನನ್ನ ಪ್ರಬಂಧದಲ್ಲಿ ಎಲ್ಲೂ ಹೇಳಿರಲಿಲ್ಲ. ಮನೆಗೆ ಹೋಗಿ ನೋಡಿದೆ ಕೂಡ.

ಮದುವೆಯಾಗಿ ಸುಖವಾಗಿದ್ದರು ಎಂದು ನಾನು ಕಥೆ ಮುಗಿಸಿದರೆ, ಮಾರನೆಯ ಬೆಳಿಗ್ಗೆ ಎದ್ದು ಹಿಟ್ಟು ತೊಳಸಿದವರು ಯಾರು ಎಂದು ಅವರು ಕೇಳುತ್ತಿದ್ದರು. ಅರಮನೆಯಲ್ಲಿ ಮುದ್ದೆ ಮಾಡುವುದಿಲ್ಲ ಮೇಡಂ ಎಂದರೆ, “ಅದ್ಕೇ ಆ ರಾಜರುಗಳಿಗೆ ಬುದ್ಧಿ ಇಲ್ಲ” ಎನ್ನುತ್ತಿದ್ದರು. ಅವರ ಜೊತೆ ವಾದದಲ್ಲಿ ಗೆದ್ದವರಿಲ್ಲ. ಗೆಲ್ಲಬೇಕೆಂದು ಪ್ರತಿ ದಿನ ಹೊರಟು ಪ್ರತಿ ದಿನ ಸೋತವನು ನಾನೊಬ್ಬನೇ. ಉಳಿದವರು ಬುದ್ಧಿವಂತರು, ಆ ಹೊತ್ತಿಗೆ ಸರಿಯಾಗಿ ಕ್ಲಾಸಿಗೆ ಹೋಗುತ್ತಿದ್ದರು.

ಅವರಿಗೆ ಕಥೆಗಳ ಮೇಲೆ ಸಿಟ್ಟು ಎಂದು ನಾನು ತಿಳಿದಿದ್ದೆ. ಸೊಪ್ಪಿನ ಕಾಲ ಬಂದಾಗ ಅದು ಸುಳ್ಳೆಂದು ಗೊತ್ತಾಯಿತು. ಹೊಗೆಸೊಪ್ಪು ಮುರಿದು ಬ್ಯಾರನ್ನಿಗೆ ಏರಿಸುವ ಆ ಒಂದೆರಡು ತಿಂಗಳು ನಮ್ಮ ಹೆಣ್ಣುಮಕ್ಕಳು ಸ್ಕೂಲಿಗೆ ಬರುವುದಿಲ್ಲ, ಅಮ್ಮಂದಿರ ಜೊತೆ ಚಪ್ಪರದಡಿ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಾರೆ. ಅವರನ್ನು ಕರೆತರಲು ಮೇಡಂ ಹೊರಟರು. ನಾನೂ ಹೊರಟೆ, ನನ್ನದು ಕ್ಷೇತ್ರಕಾರ್ಯ. ಕಥೆ ರೆಕಾರ್ಡ್ ಮಾಡಿಕೊಳ್ಳಲು ಫೋನಿಗೆ ಚಾರ್ಜ್ ತುಂಬಿಸಿಕೊಂಡಿದ್ದೆ.

ಮೇಡಂ ಹೋದವರೇ ಹೆಂಗಸರ ನಡುವೆ ಕೂತು ಕಡ್ಡಿ ಎತ್ತಿಕೊಂಡು ಸೊಪ್ಪು ಕಟ್ಟತೊಡಗಿದರು. ಮಕ್ಕಳನ್ನು ಕಳಿಸಿ ಎಂಬ ಮಾತೇ ಇಲ್ಲ. ಕೈ ಆಡುತ್ತಿದ್ದಂತೆ ಒಂದು ಕಥೆ ಶುರುಮಾಡಿದರು. ಹಗಲು ಹೊತ್ತು ಕಥೆ ಹೇಳಿದರೆ ದಾರಿಯಲ್ಲಿ ಹೋಗುವವರಿಗೆ ದಾರಿ ತಪ್ಪುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆಯಲ್ಲ, ಅದನ್ನು ನಾನು ವಿದ್ವಾಂಸನ ಗತ್ತಿನಲ್ಲಿ ಎತ್ತಿದೆ. ಒಬ್ಬಾಕೆ ಸೊಪ್ಪಿನಿಂದ ತಲೆ ಎತ್ತದೆ, “ದಾರಿ ಕೇಳ್ಕಂಡು ಓಯ್ತಾರೆ ಬುಡಿ ಮೇಷ್ಟ್ರೇ. ನಮ್ಗೆ ಬ್ಯಾರೆ ಒತ್ತು ಎಲ್ಲೈತೆ?” ಎಂದಳು.

ಕಥೆ ಹೇಳುವವರಿಗೆ ಯಾರಾದರೂ ‘ಹೂಂ’ ಅನ್ನುತ್ತಿರಬೇಕು. ಅದಿಲ್ಲದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಹೆಂಗಸರೆಲ್ಲ ಗಂಟು ಬಿಗಿಯುವುದರಲ್ಲಿದ್ದರು, ಆ ಕೆಲಸ ನನಗೆ ಬಂತು. ಈ ಒಂದು ವಿದ್ಯೆಯಲ್ಲಿ ನಾನು ನಿಜಕ್ಕೂ ಪಂಡಿತ. ಕೆ.ಆರ್. ನಗರದ ಗದ್ದೆ ಬಯಲಿನ ನಮ್ಮೂರಿನಲ್ಲಿ ನಮ್ಮಜ್ಜಿಗೆ ಹೂಂಗುಟ್ಟುವ ಮೊಮ್ಮಗ ನಾನೇ ಆಗಿದ್ದೆ. ಎಲ್ಲಿ ಗಿಡ್ಡ ಹೂಂ, ಎಲ್ಲಿ ಎಳೆದ ಹೂಂ, ರಾಕ್ಷಸ ಬಂದಾಗ ಎಂಥದು, ರಾಣಿ ಅತ್ತಾಗ ಎಂಥದು, ಎಲ್ಲ ನಾಲಿಗೆಯ ಮೇಲೆಯೇ ಇದೆ. ಕಥೆ ಅವತ್ತಿಗೆ ನಿಂತಾಗ ಹೆಂಗಸರು ಹೊಗಳಿದ್ದು ಮೇಡಂ ಕಥೆಯನ್ನಲ್ಲ, ನನ್ನ ಹೂಂ ಅನ್ನು. ಆ ಸಂಜೆಯಿಂದ ಊರಲ್ಲಿ ನನ್ನ ಹೆಸರು ಹೂಂ ಮೇಷ್ಟ್ರು. ಜಾನಪದ ವಿದ್ವಾಂಸ ಎಂಬುದಕ್ಕಿಂತ ಇದು ಬಾಳಿಕೆ ಬಂತು. ಮಾರನೆಯ ದಿನ ಆ ಚಪ್ಪರದ ಹುಡುಗಿಯರೆಲ್ಲ ಸ್ಕೂಲಿಗೆ ಬಂದರು. ಕಥೆ ಅರ್ಧ ಉಳಿದಿದೆ, ಉಳಿದರ್ಧ ಕ್ಲಾಸಿನಲ್ಲಿ ಎಂದು ಮೇಡಂ ಅವರಿಗೆ ಹೇಳಿ ಬಂದಿದ್ದರಂತೆ.

ವಾಪಸು ಬರುವಾಗ ಮೊಪೆಡ್ಡಿನ ಹಿಂದೆ ಜೀವ ಕೈಯಲ್ಲಿ ಹಿಡಿದು ಕೂತಿದ್ದ ನನಗೆ ಅವರು ಹೇಳಿದರು. “ಕತೆ ಹೇಳೋರ ಕೈಲಿ ಏನೂ ಇಲ್ಲ ಕಣ್ರೀ. ಹೂಂ ಅನ್ನೋರು ನಿಲ್ಸಿದ್ರೆ ರಾಜನ ಕುದ್ರೆ ನಿಂತಲ್ಲೇ ನಿಂತ್ಕತದೆ. ದೊಡ್ಡೋರ ಭಾಷಣನೂ ಅಷ್ಟೆಯ.”

ನಾನು “ಹೂಂ” ಎಂದೆ.

ಆ ಮಾತನ್ನು ಅವರು ಸುಮ್ಮನೆ ಆಡಿದ್ದಲ್ಲ ಎಂದು ಗೊತ್ತಾದದ್ದು ಸ್ಕೂಲಿನ ಮೈದಾನದ ವಿಷಯ ಬಂದಾಗ. ಊರಿನಲ್ಲಿ ಒಬ್ಬ ಯಜಮಾನರಿದ್ದಾರೆ, ಪಂಚಾಯ್ತಿಗೆ ಹಿಂದೆ ಅಧ್ಯಕ್ಷರಾಗಿದ್ದವರು. ಕೆಟ್ಟವರಲ್ಲ. ಸ್ಕೂಲಿನ ಕಾಂಪೌಂಡು ಅವರು ಓಡಾಡಿ ಹಾಕಿಸಿದ್ದು. ಊರಿಗೊಂದು ಸಮುದಾಯ ಭವನ ಬೇಕು, ಮದುವೆಗೆಲ್ಲ ಹುಣಸೂರಿಗೆ ಹೋಗುವುದು ತಪ್ಪಬೇಕು ಎಂಬುದು ಅವರ ಬಹುದಿನದ ಆಸೆ. ಅದಕ್ಕೆ ಅವರ ಕಣ್ಣು ಬಿದ್ದದ್ದು ಮೈದಾನದ ಮುಂದಿನ ಅರ್ಧದ ಮೇಲೆ. ಹಿಂದಿನ ಅರ್ಧದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಮುಂದಿನ ಅರ್ಧದಲ್ಲಿ ಎರಡು ಕಂಬ ನೆಟ್ಟಿದೆ, ಅಲ್ಲಿ ಹುಡುಗಿಯರು ಖೋ ಖೋ ಆಡುತ್ತಾರೆ. ಯಾರ ಅರ್ಧ ಕೊಡಬೇಕು ಎಂಬ ಪ್ರಶ್ನೆಯೇ ಅವರಿಗೆ ಹುಟ್ಟಿರಲಿಲ್ಲ.

ಮೇಡಂಗೆ ಖೋ ಖೋ ಗೊತ್ತಿರಲಿಲ್ಲ. ಯಾರು ಔಟಾದರೂ ಭೇಷ್ ಎನ್ನುತ್ತಿದ್ದರು. ಆದರೂ ಸಂಜೆ ಗಂಟೆ ಹೊಡೆದ ಮೇಲೆ ಒಂದು ಗಂಟೆ ಕಾಲ ಕಂಬದ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮೇಡಂ ಇದ್ದಾರೆಂದು ಮನೆಯವರು ಹುಡುಗಿಯರನ್ನು ಬಿಡುತ್ತಿದ್ದರು. ಆಗ ತಂಡದ ನಾಯಕಿ ಭಾಗ್ಯ ಎಂಬ ಹುಡುಗಿ. ಅವಳ ಅಪ್ಪ, ಸಂಜೆ ತನಕ ಹೆಣ್ಣುಮಕ್ಕಳಿಗೆ ಸ್ಕೂಲಿನಲ್ಲಿ ಏನು ಕೆಲಸ ಎಂದು ಒಮ್ಮೆ ಕೇಳಲು ಬಂದಿದ್ದ. ಮೇಡಂ ಅವನನ್ನೂ ಒಂದು ಕುರ್ಚಿ ಹಾಕಿ ಕೂರಿಸಿದರು. “ನೋಡಿ, ಈ ಊರಲ್ಲಿ ಹೆಣ್ಮಕ್ಳು ಓಡೋಕೆ ಅಂತ ಇರೋದು ಇದೊಂದೇ ಜಾಗ. ರಸ್ತೇಲಿ ಓಡಿದ್ರೆ ಯಾಕಮ್ಮಿ ಓಡ್ತಿದ್ದೀ ಅಂತ ನಾಕ್ ಜನ ಕೇಳ್ತಾರೆ. ಇಲ್ಲಿ ಯಾರೂ ಕೇಳಕ್ಕಿಲ್ಲ” ಎಂದರು. ಅವನು ಆಟ ಮುಗಿಯುವವರೆಗೆ ಕೂತಿದ್ದು ಮಗಳನ್ನು ಕರೆದುಕೊಂಡು ಹೋದ. ಮಾರನೆಯ ದಿನವೂ ಬಂದ, ನೋಡಲು.

ಆ ಅರ್ಧ ಹೋದರೆ ಹುಡುಗಿಯರ ಆ ಒಂದು ಗಂಟೆಯೂ ಹೋಗುತ್ತದೆ. ಗಂಟೆ ಹೊಡೆದ ತಕ್ಷಣ ಮನೆ, ಪಾತ್ರೆ, ದನ. ಮೇಡಂಗೆ ನಿದ್ದೆ ಕೆಟ್ಟಿದ್ದು ಆ ದಿನಗಳಲ್ಲಿ. ಊದಿದ ಕಣ್ಣಿಗೆ ಧೂಳು ಎಂದು ಸುಳ್ಳು ಹೇಳುವುದನ್ನೂ ಬಿಟ್ಟಿದ್ದರು.

ಯಜಮಾನರ ಭಾಷಣಕ್ಕೆ ಒಂದು ಕ್ರಮ ಇತ್ತು. ಅವರು ಎಲ್ಲವನ್ನೂ ಕಥೆಯ ಹಾಗೆ ಹೇಳುತ್ತಿದ್ದರು, ಮಾತಿಗೊಮ್ಮೆ ನಿಲ್ಲಿಸುತ್ತಿದ್ದರು, ಊರು ಹೂಂ ಅನ್ನುತ್ತಿತ್ತು. ಕೈ ಎತ್ತುವುದು, ಸಹಿ ಹಾಕುವುದು ಎಲ್ಲ ಆಮೇಲಿನ ಮಾತು. ಊರು ಒಪ್ಪಿತು ಎಂದರೆ ಊರು ಹೂಂ ಅಂದಿತು ಎಂದೇ ಅರ್ಥ. ಮೇಡಂ ಮನೆ ಮನೆಗೆ ಹೋಗಲಿಲ್ಲ. ಹುಡುಗಿಯರಿಗೆ ಒಂದು ಮಾತು ಹೇಳಿದರು. ಹುಡುಗಿಯರು ಅಮ್ಮಂದಿರಿಗೆ, ಅಮ್ಮಂದಿರು ಗಂಡಂದಿರಿಗೆ. ಯಾರೂ ಜಗಳ ಆಡಬೇಕಾಗಿಲ್ಲ, ಎದ್ದು ಹೋಗಬೇಕಾಗಿಲ್ಲ. ಹೂಂ ಅನ್ನಬೇಡಿ, ಅಷ್ಟೇ.

ಮೈದಾನದ ಹುಣಸೆಮರದ ಕೆಳಗೆ ಸಭೆ ಸೇರಿತು. ಯಜಮಾನರು ಟವೆಲ್ಲು ಸರಿಮಾಡಿಕೊಂಡು ಎದ್ದರು.

“ನಮ್ಮಪ್ಪನ ಕಾಲ್ದಲ್ಲಿ ಈ ಜಾಗ ಏನಾಗಿತ್ತು? ಬರೀ ಲಂಟಾನ ಪೊದೆ.” ನಿಲ್ಲಿಸಿದರು. ಊರು ಸುಮ್ಮನಿತ್ತು.

“ಲಂಟಾನ ಪೊದೆ ಕಣ್ರಪ್ಪಾ. ನರಿ ಓಡಾಡ್ತಿದ್ವು.”

ಒಬ್ಬರು ಮರದ ಕೊಂಬೆ ನೋಡಿದರು, ಹೆಂಗಸರು ಕಾಲುಂಗುರ ನೋಡಿಕೊಂಡರು.

“ಅದ್ನ ಕಡ್ದು ಮಟ್ಟ ಮಾಡ್ದೋರು ಯಾರು?”

ಯಜಮಾನರು ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. ಮುಂದಿನ ಮಾತು ಗಂಟಲಲ್ಲಿತ್ತು, ಹೊರಗೆ ಬರಲು ದಾರಿ ಇರಲಿಲ್ಲ. ವಯಸ್ಸಾದ ಮನುಷ್ಯ, ಬಾಯಿ ತೆರೆದು ಮುಚ್ಚುತ್ತಾ ಎದುರಿಗೆ ನಿಂತಿದ್ದಾರೆ. ನಮ್ಮಜ್ಜಿ ಕತ್ತಲಲ್ಲಿ ಕಥೆ ನಿಲ್ಲಿಸಿ ಮಲಗಿದೆಯೇನೋ ಮಗ ಎಂದು ಕೇಳುತ್ತಿದ್ದದ್ದು ನೆನಪಾಯಿತು. ಆ ಮೌನದಲ್ಲಿ ಒಂದು ಹೂಂ ಎದ್ದು ನಿಂತಿತು. ಉದ್ದನೆಯ, ದುಂಡಗಿನ, ರಾಕ್ಷಸ ಬಂದಾಗ ಅನ್ನುವಂಥ ಹೂಂ. ಯಾರಪ್ಪ ಅಂದವರು ಎಂದು ನಾನೂ ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಅಂಗನ್ನಿ ಮೇಷ್ಟ್ರೇ!” ಯಜಮಾನರ ಮುಖ ಅರಳಿತು. ಆಮೇಲೆ ಅವರು ಊರನ್ನು ಮರೆತು ನನಗೊಬ್ಬನಿಗೇ ಭಾಷಣ ಮಾಡಿದರು. ಒಂದು ಹೂಂ ಅಂದ ಮೇಲೆ ಇನ್ನೊಂದನ್ನು ಹೇಗೆ ಬಿಡುವುದು? ಪ್ರತಿರೋಧದ ವಿದ್ವಾಂಸ ನಾನು, ಲಂಟಾನದಿಂದ ಕಾಂಪೌಂಡಿಗೆ, ಕಾಂಪೌಂಡಿನಿಂದ ಭವನಕ್ಕೆ ಯಜಮಾನರನ್ನು ಹೂಂ ಹೂಂ ಎಂದು ಹೊತ್ತುಕೊಂಡು ಹೋದೆ. “ಅದ್ಕೇ ಈ ಮುಂದ್ಲ ಅರ್ಧ ಜಾಗಾನ ಭವನಕ್ಕೆ ಕೊಟ್ಟೆ” ಎಂದು ಅವರು ಕೈ ಎತ್ತಿ ನಿಂತರು, ಥೇಟ್ ನನ್ನ ಹಾಗೆ.

ಮೇಡಂ ಎದ್ದರು. “ಯಜಮಾನ್ರೇ, ಆ ಅರ್ಧದಲ್ಲಿ ಇರೋರ್ನ ಕೇಳಿದ್ರಾ?”

“ಅಲ್ಲಿ ಯಾರವ್ರೆ ಮೇಡಂ?”

“ದಿನಾ ಸಂಜೆ ಗಂಟೆ ಹೊಡೆದ್ಮೇಲೆ ಬನ್ನಿ. ಇರ್ತಾರೆ.”

ಭಾಗ್ಯಳ ಅಪ್ಪ ಕೂತಲ್ಲಿಂದಲೇ “ನಾನು ನೋಡಿವ್ನಿ, ಇರ್ತಾರೆ” ಎಂದ. ಯಜಮಾನರು ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದರು. ಈ ಸಲ ನನಗೂ ಹೂಂ ಹೊರಡಲಿಲ್ಲ. “ಆಗ್ಲಿ, ಇನ್ನೊಂದಿನ ಕೂರಾನ” ಎಂದು ಎದ್ದು ಹೋದರು. ಆ ಇನ್ನೊಂದು ದಿನ ಬರಲಿಲ್ಲ. ಹೋಯಿತು ಎಂದೂ ಇಲ್ಲ, ಉಳಿಯಿತು ಎಂದೂ ಇಲ್ಲ, ಜಾಗ ಹಾಗೇ ತೂಗಾಡುತ್ತಿತ್ತು.

ಮಾರನೆಯ ದಿನ ಬೈಗುಳ ತಿನ್ನಲು ಸಿದ್ಧನಾಗಿ ಸ್ಟಾಫ್ ರೂಮಿಗೆ ಹೋದೆ. ಮೇಡಂ ನನ್ನ ಮುಖ ನೋಡಿದವರೇ ನಗಲು ಶುರುಮಾಡಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಇಡೀ ಊರಿನ ಬಾಯಿ ಮುಚ್ಚಿಸ್ದೆ ಕಣ್ರೀ ಮೇಷ್ಟ್ರೇ. ನಮ್ಮ ಸ್ಕೂಲಿಂದ ಹೂಂ ಬರ್ತದೆ ಅಂತ ಗ್ಯಾನವೇ ಇರ್ಲಿಲ್ಲ.” ಆಮೇಲೆ ಬ್ಯಾಗಿನಿಂದ ಒಂದು ಹಿಡಿ ಕಡಲೇಕಾಯಿ ತೆಗೆದು ನನ್ನ ಮುಂದಿಟ್ಟರು. “ಇನ್ಮೇಲೆ ಸಭೆಗೆ ಬರೋವಾಗ ಇದ್ನ ಬಾಯ್ತುಂಬ ತುಂಬ್ಕಂಡು ಕೂತ್ಕಳಿ.”

ಅವರು ನಿವೃತ್ತರಾಗಿ ಸರಗೂರಿಗೆ ಹೋದ ಮೇಲೆ ನನ್ನ ಮೇಜು ಚೊಕ್ಕಟವಾಯಿತು. ಅದರಷ್ಟು ಬೇಜಾರಿನ ಚೊಕ್ಕಟವನ್ನು ನಾನು ಕಂಡಿಲ್ಲ. ಬೇಕೆಂದೇ ಎರಡು ಪೆನ್ನು ಅವರ ಕುರ್ಚಿಯ ಮುಂದೆ ಇಡುತ್ತಿದ್ದೆ, ಸಂಜೆ ಎರಡೂ ಅಲ್ಲೇ ಇರುತ್ತಿದ್ದವು. ಪ್ರಾರ್ಥನೆಯ ಕಥೆ ಮಾತ್ರ ಮುಂದುವರಿಸಿದೆ. ಈಗ ರಾಜ ಅರ್ಧ ರಾಜ್ಯ ಕೊಟ್ಟೆ ಎಂದ ಕೂಡಲೇ ಮಕ್ಕಳು ಒಟ್ಟಿಗೆ ಕೂಗುತ್ತಾರೆ, ಆ ಅರ್ಧದಲ್ಲಿ ಇದ್ದವರನ್ನು ಕೇಳಿದ್ರಾ ಎಂದು. ದೊಡ್ಡವರು ಕಿರಿಯರಿಗೆ ಕಲಿಸಿ ಹೋಗುತ್ತಾರೆ. ಕಥೆಯೇ ಹಾಗೆ ಇದೆ ಎಂದು ಹೊಸ ಮಕ್ಕಳು ತಿಳಿದಿದ್ದಾರೆ.

ಅವರ ಶ್ರದ್ಧಾಂಜಲಿ ಸಭೆಯನ್ನು ಅದೇ ಹುಣಸೆಮರದ ಕೆಳಗೆ ಇಟ್ಟುಕೊಂಡೆವು. ಫೋಟೋಕ್ಕೆ ಹಾರ ಹಾಕಿತ್ತು. ಖೋ ಖೋ ಹುಡುಗಿಯರು ಬೇಯಿಸಿದ ಕಡಲೇಕಾಯಿ ತಂದು ಬಂದವರಿಗೆಲ್ಲ ಹಿಡಿ ಹಿಡಿ ಹಂಚಿದರು. ಮೊದಲ ಭಾಷಣ ನನ್ನದು. ಪ್ರಭುತ್ವವೂ ಬರಲಿಲ್ಲ, ಪ್ರತಿರೋಧವೂ ಬರಲಿಲ್ಲ. ಒಳ್ಳೆಯ ಮೇಡಂ ಎಂದೆ, ಬಂದು ಕೂತೆ. ಅಳು ತಡೆಯಲು ಕಡಲೇಕಾಯಿ ಸುಲಿದು ಸುಲಿದು ಬಾಯಿಗೆ ಹಾಕಿಕೊಂಡೆ.

ಕೊನೆಗೆ ಯಜಮಾನರು ಎದ್ದರು. ಈಗ ಕೋಲು ಹಿಡಿದು ನಡೆಯುತ್ತಾರೆ. ಫೋಟೋದ ಕಡೆ ತಿರುಗಿ, “ನಂಗೆ ಎದುರು ಮಾತಾಡಿದ್ದು ಈ ಊರಲ್ಲಿ ಈಯಮ್ಮ ಒಬ್ರೇ. 
ಬೋ ಬೇಜಾರಾಯ್ತು ಕಣ್ರಪ್ಪಾ” ಎಂದರು. ಅವರ ಕಣ್ಣೂ ತುಂಬಿತ್ತು, ಅದು ಸುಳ್ಳಲ್ಲ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

“ಅದ್ಕೇ ಒಂದ್ ಯೋಚ್ನೆ ಮಾಡಿವ್ನಿ. ಭವನಕ್ಕೆ ಮೇಡಮ್ನೋರ ಹೆಸ್ರೇ ಇಡಾನ. ಈ ಮುಂದ್ಲ ಅರ್ಧ ಜಾಗಾನ ಅವರ ಹೆಸ್ರಿಗೇ ಕೊಟ್ಟೆ.” ನಿಲ್ಲಿಸಿದರು.

ಮೇಡಂ ಹೆಸರಿಗೆ ಬೇಡ ಅನ್ನುವುದು ಹೇಗೆ? ಊರು ನನ್ನ ಕಡೆ ನೋಡಿತು. ಯಜಮಾನರೂ ನನ್ನ ಕಡೆ ನೋಡಿದರು. ಹೂಂ ಅನ್ನಲು ನಾನು ಸಿದ್ಧನೇ ಇದ್ದೆ, ನನ್ನನ್ನು ನಂಬಬೇಡಿ. ಆದರೆ ಬಾಯಿ ತುಂಬ ಕಡಲೇಕಾಯಿ, ಅದರ ಹಿಂದೆ ಅಳು, ಎರಡೂ ಸೇರಿ ಗಂಟಲಲ್ಲಿ ಗಾಳಿಗೂ ಜಾಗವಿರಲಿಲ್ಲ. ಹೂಂ ಮೇಷ್ಟ್ರೇ ಹೂಂ ಅನ್ನುತ್ತಿಲ್ಲ ಎಂದು ಊರೂ ಬಾಯಿ ಬಿಡಲಿಲ್ಲ. ಅವತ್ತಿನ ನನ್ನ ಧೈರ್ಯವನ್ನು ಈಗಲೂ ಜನ ಹೊಗಳುತ್ತಾರೆ.

ಖೋ ಖೋ ಕಂಬಕ್ಕೆ ಒರಗಿ ನಿಂತಿದ್ದ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಆಗ ಕೇಳಿದಳು. ಈ ವರ್ಷ ಸೇರಿದವಳು, ಮೇಡಂ ಮುಖವನ್ನು ಆ ಫೋಟೋದಲ್ಲಿ ಬಿಟ್ಟರೆ ಎಲ್ಲೂ ನೋಡಿದವಳಲ್ಲ.

“ಯಜಮಾನ್ರೇ, ಆ ಅರ್ಧದಲ್ಲಿ ಇರೋರ್ನ ಕೇಳಿದ್ರಾ?”

ಯಜಮಾನರು ಅವಳನ್ನು ನೋಡಿದರು. ತಿರುಗಿ ಫೋಟೋ ನೋಡಿದರು. ಕೋಲು ಊರಿಕೊಂಡು ನಿಧಾನಕ್ಕೆ ಕುರ್ಚಿಯಲ್ಲಿ ಕೂತರು.

“ಕೇಳ್ಲಿಲ್ಲ ಕಣವ್ವಾ” ಎಂದರು. “ಈಗ ಕೇಳ್ತೀನಿ. ಹೇಳು, ಏನಂತೀಯೆ?”

ಹುಡುಗಿ ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. “ನಾವು ದಿನಾ ಸಂಜೆ ಇಲ್ಲಿಗೆ ಬತ್ತೀವಿ...” ಎಂದವಳು, ಮುಂದೆ ಹೇಗೆ ಹೇಳುವುದೆಂದು ತಿಳಿಯದೆ ನಿಂತಳು.

ನಾನು ಬಾಯಲ್ಲಿದ್ದುದನ್ನೆಲ್ಲ ನುಂಗಿ, “ಹೂಂ” ಎಂದೆ.